ಹತ್ತು ಎಣಿಸುವಷ್ಟು ಹೊತ್ತು

ನಮ್ಮೂರಿನಲ್ಲಿ ಉಗಾದಿಯ ದಿನ ಬೆಳಗಾಗುವ ಹೊತ್ತಿಗೆ ಹಿಂದಿನ ವರ್ಷದ ಅಕ್ಷರವೆಲ್ಲ ಹೋಗಿರುತ್ತದೆ. ಪುಸ್ತಕ, ಪತ್ರ, ಅಂಗಡಿಯ ಬೋರ್ಡು, ಡಾಕ್ಟರು ಬರೆದ ಚೀಟಿ, ಓಣಿಯ ಮೂಲೆಯಲ್ಲಿ ಯಾರೋ ಯಾರಿಗೋ ಇದ್ದಿಲಿನಲ್ಲಿ ಬರೆದ ಬೈಗಳು, ಯಾವುದೂ ಉಳಿಯುವುದಿಲ್ಲ. ಹಾಳೆ ಇರುತ್ತದೆ, ಮಸಿ ಇರುವುದಿಲ್ಲ. ಇದು ಇಂದು ನಿನ್ನೆಯದಲ್ಲ, ನನ್ನಜ್ಜನ ಅಜ್ಜನ ಕಾಲದಲ್ಲೂ ಹೀಗೇ ಇತ್ತಂತೆ. ಹೊರಗಿನಿಂದ ಬಂದ ನೆಂಟರು ಬಾಯಿ ತೆರೆದು “ಯಾಕೆ ಹೀಗೆ?” ಎಂದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿಮ್ಮೂರಲ್ಲಿ ಬೇಸಿಗೆಗೆ ಬಾವಿ ಯಾಕೆ ಬತ್ತುತ್ತದೆ ಎಂದು ನಾವು ಬಂದು ಕೇಳುತ್ತೇವೆಯೇ? ಉಗಾದಿ ಬಂತು, ಅಕ್ಷರ ಹೋಯಿತು, ಬೇವು-ಬೆಲ್ಲ ತಿಂದೆವು, ಮುಗಿಯಿತು.

ಬೋರ್ಡು ಬರೆಯುವ ದ್ಯಾಮಣ್ಣನಿಗೆ ಉಗಾದಿಯಿಂದ ಒಂದು ತಿಂಗಳು ತಲೆ ಕೆರೆದುಕೊಳ್ಳಲಿಕ್ಕೂ ಪುರುಸೊತ್ತಿರುವುದಿಲ್ಲ. ಹಿಂದಿನ ವರ್ಷ ‘ಜನತಾ’ ಎಂದಿದ್ದ ಚಹಾದಂಗಡಿ ಈ ವರ್ಷ ‘ಮಹಾರಾಜಾ’ ಆಗುತ್ತದೆ, ಒಳಗಿನ ಬೆಂಚು ಮಾತ್ರ ಅದೇ ಮುರುಕಲು. ಪ್ರೀತಿಸುವ ಹುಡುಗರು ಕೊಟ್ಟ ಪತ್ರಗಳೂ ಬಿಳಿಯಾಗುತ್ತವೆ. ಉಗಾದಿ ಕಳೆದ ಮೇಲೆ ಮತ್ತೆ ಕೂತು ಬರೆದುಕೊಟ್ಟವನು ಮದುವೆಯಾಗಲು ತಕ್ಕವನು, ಬರೆಯದವನು ಅಲ್ಲ ಎಂದು ನಮ್ಮೂರ ಹುಡುಗಿಯರು ಲೆಕ್ಕ ಹಾಕುತ್ತಿದ್ದರು. ನನ್ನ ಹೆಂಡತಿ ನನ್ನಿಂದ ಮೂರು ಸಲ ಬರೆಸಿಕೊಂಡಳು. ಬೇಕಾದದ್ದನ್ನೆಲ್ಲ ನಾವು ಬಾಯಿಪಾಠ ಮಾಡಿ ಇಟ್ಟುಕೊಳ್ಳುತ್ತಿದ್ದೆವು. ಮಗ್ಗಿ, ಮದ್ದು, ಹೊಲದ ಚಕ್ಕುಬಂದಿ, ಹತ್ತು ತಲೆಯ ಹಿರಿಯರ ಹೆಸರು, ಎಲ್ಲ ನಾಲಗೆಯ ಮೇಲೆ. ಬಾಯಿಪಾಠದಲ್ಲಿ ನಮ್ಮೂರನ್ನು ಮೀರಿಸುವವರು ಇಲ್ಲ, ಈ ಮಾತು ಮಾತ್ರ ನಾನು ಎದೆ ತಟ್ಟಿ ಹೇಳುತ್ತೇನೆ.

ಇನ್ನೊಂದು ಪದ್ಧತಿ ಇದೆ. ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ, ಊಟಕ್ಕೆ ಎಲೆ ಹಾಕುವ ಮೊದಲು, ಅವರ ಕೈಯಿಂದ ಬರೆದದ್ದೊಂದನ್ನು ಮನೆಯವರು ಎದ್ದು ನಿಂತು ಓದುತ್ತಾರೆ. ಅದಕ್ಕೆ ‘ಅಕ್ಷರ ಕೇಳಿಸೋದು’ ಎನ್ನುತ್ತೇವೆ. ಬರೆಯಲು ಬಾರದವರು ಒಂದು ಗೆರೆ ಎಳೆದಿದ್ದರೂ ಸಾಕು, ಅದನ್ನು ಎತ್ತಿ ತೋರಿಸುತ್ತಾರೆ. ಜಾತಿ ಯಾವುದಾದರೂ ಇರಲಿ, ದೇವರು ಯಾರಾದರೂ ಇರಲಿ, ಇದು ತಪ್ಪುವುದಿಲ್ಲ. ಏನೂ ಸಿಗದಿದ್ದರೆ ಖಾಲಿ ಹಾಳೆಯನ್ನು ಎತ್ತಿ ಹಿಡಿಯಬೇಕು. ಆಗ ಬಂದವರು ಒಂದು ಗಳಿಗೆ ತಲೆ ತಗ್ಗಿಸಿ ಕೂತು, ಉಣ್ಣದೆ ಎದ್ದು ಹೋಗುತ್ತಾರೆ. ಮಾಡಿದ ಅಡಿಗೆ ಹಾಗೇ ಉಳಿಯುತ್ತದೆ. ಆ ಮನೆಯವರ ಮುಖ ನೋಡಲಿಕ್ಕಾಗುವುದಿಲ್ಲ.

ಹಾಳೆಪೆಟ್ಟಿಗೆಗಳು ಬಂದದ್ದು ಇದಕ್ಕೇ ಹೇಳಿ ಮಾಡಿಸಿದ ಹಾಗಾಯಿತು. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ದೊಡ್ಡ ಕರಿಯ ಪೆಟ್ಟಿಗೆ, ಒಳಗೆ ಎರಡು ಡಿಸ್ಕು, ಮುಂದೆ ಒಂದು ಹಸಿರು ದೀಪ. ಹೊರಗಿನವರು ಅದರಲ್ಲಿ ಸಿನಿಮಾ, ಹಾಡು ತುಂಬಿಡುತ್ತಾರಂತೆ. ನಾವು ಹಾಳೆ ತುಂಬಿಟ್ಟೆವು, ಪೆಟ್ಟಿಗೆಯೊಳಗೆ ಹೋದ ಅಕ್ಷರಕ್ಕೆ ಉಗಾದಿ ತಟ್ಟುವುದಿಲ್ಲ. ಉಗಾದಿ ಅಮಾವಾಸ್ಯೆಯ ಮಧ್ಯಾಹ್ನ ಮನೆಮನೆಯಲ್ಲೂ ಚಾಪೆ ಹಾಸಿ, ವರ್ಷದ ಕಾಗದಪತ್ರವನ್ನೆಲ್ಲ ಹರವಿಕೊಂಡು, ಒಂದೊಂದಾಗಿ ಫೋಟೋ ತೆಗೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಒಳಗೆ ಹೂರಣ ರುಬ್ಬುವ ಸಪ್ಪಳ, ಹೊರಗೆ ಚಾಪೆಯ ಮೇಲೆ ಫ್ಯಾನು ಹಚ್ಚಬೇಡವೆಂದು ಕೂಗಾಟ, ಹಾಳೆ ಹಾರುತ್ತವೆ ಎಂದು. ಆ ಮಧ್ಯಾಹ್ನಗಳನ್ನು ನೆನೆಸಿಕೊಂಡರೆ ಈಗಲೂ ನನ್ನ ಎದೆ ತುಂಬಿ ಬರುತ್ತದೆ. ಈಗಿನವರು ಎಲ್ಲವನ್ನೂ ಫೋನಿನಲ್ಲೇ ಬರೆಯುತ್ತಾರೆ, ಹರವಲು ಹಾಳೆಯೇ ಇಲ್ಲ.

ಆ ಪೆಟ್ಟಿಗೆಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಕಲಿಸಿದವರು ಇಮಾಮಸಾಬ ಕಾಕಾ. ಪೆಟ್ಟಿಗೆಯ ಜೊತೆ ಒಂದು ದಪ್ಪ ಪುಸ್ತಕ ಬಂದಿತ್ತು, ಅದು ಮೊದಲ ಉಗಾದಿಗೇ ಬಿಳಿಯಾಯಿತು. ಕಾಕಾ ಅಷ್ಟರೊಳಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿಕೊಂಡಿದ್ದರು. ಕೆಟ್ಟ ಪೆಟ್ಟಿಗೆಯೊಳಗಿನ ಫರ್ಮ್‌ವೇರನ್ನು ತೆಗೆದು, ಕಂಪನಿ ಮೊದಲು ತುಂಬಿ ಕಳಿಸಿದ್ದನ್ನೇ ಮತ್ತೆ ಹಾಕುವ ಒಂದು ಕೆಲಸವಿದೆ. ಕಾಕಾ ಆ ಫರ್ಮ್‌ವೇರಿಗೆ ‘ಹುಟ್ಟುಗುಣ’ ಎನ್ನುತ್ತಿದ್ದರು. ಹಾಳೆಗಳು ಇರುವುದು ಡಿಸ್ಕಿನಲ್ಲಿ, ಹುಟ್ಟುಗುಣ ಇರುವುದು ಬೇರೆ, ಒಳಗಿನ ಹಸಿರು ಹಲಗೆಗೆ ಅಂಟಿದ ಉಗುರಿನಷ್ಟು ಚಿಪ್ಪಿನಲ್ಲಿ. ಒಂದನ್ನು ಮುಟ್ಟದೆ ಇನ್ನೊಂದನ್ನು ಬದಲಿಸಬಹುದು. ಬದಲಿಸುವ ಕ್ರಮವನ್ನು ಅವರು ನನಗೆ ಹೀಗೆ ಬಾಯಿಪಾಠ ಮಾಡಿಸಿದ್ದರು: “ಮುಂದಿನ ಗೂಡಿಗೆ ಪೆನ್‌ಡ್ರೈವ್ ಚುಚ್ಚು. ಬೆನ್ನ ಹಿಂದ ಸಣ್ಣ ತೂತು, ತೂತಿನೊಳಗ ಗುಂಡುಪಿನ್ನು. ಪಿನ್ನು ಒತ್ತಿ ಸ್ವಿಚ್ಚು ಹಾಕು, ಹಾಕಿದ ಮ್ಯಾಲ ಹತ್ತು ಎಣಿಸು. ಹತ್ತಕ್ಕ ಕೈ ಬಿಡು. ಹದಿನೈದು ದಾಟಿದರ ಹಾಳಿನೂ ಹೋದಾವು.”

ಕಾಕಾ ಬದುಕಿದ್ದಾಗ ನಾನು ಎರಡು ಪೆಟ್ಟಿಗೆಗೆ ಹೀಗೆ ಮಾಡಿದ್ದೆ. ಅವರು ನನ್ನ ಹಿಂದೆ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ನಾನು ಎಣಿಸುತ್ತಿರುವಾಗಲೇ, ಆರಕ್ಕೋ ಏಳಕ್ಕೋ, ಹೆಗಲು ತಟ್ಟಿ “ಬಿಡು, ಬಿಡು” ಎನ್ನುತ್ತಿದ್ದರು. ಮುದುಕರಿಗೆ ಅವಸರ ಎಂದುಕೊಳ್ಳುತ್ತಿದ್ದೆ. ಎರಡೂ ಸಲ ಒಂದು ಹಾಳೆಯೂ ಹೋಗಲಿಲ್ಲ.

ಅವರು ತೀರಿಕೊಂಡ ಮೇಲೆ ಮೂರನೆಯದು ಬಂತು, ಕುಬಸದ ರಾಚಪ್ಪನ ಮನೆಯದು. ಒಬ್ಬನೇ ಕೂತು, ಕಾಕಾ ಹೇಳಿಕೊಟ್ಟ ಹಾಗೇ, ಒಂದಕ್ಷರ ಬಿಡದೆ ಮಾಡಿದೆ. ಪೆಟ್ಟಿಗೆ ಎದ್ದಿತು, ಹಸಿರು ದೀಪವೂ ಬಂತು. ಒಳಗೆ ಒಂದು ಹಾಳೆಯೂ ಇರಲಿಲ್ಲ. ಮೂರು ತಿಂಗಳಿಗೆ ಉಗಾದಿ ಬಂತು. ಕಣ್ಣು ಮಂಜಾಗಿದ್ದ ಅವನ ತಾಯಿ ಆ ವರ್ಷ ಏನೂ ಬರೆದಿರಲಿಲ್ಲ, ಪೆಟ್ಟಿಗೆಗೆ ಹಾಕಲು ಆಕೆಯದು ಹೊಸದೇನೂ ಇರಲಿಲ್ಲ. ಉಗಾದಿಯ ಮರುದಿನವೇ ರಾಚಪ್ಪನ ತಾಯಿ ತೀರಿಕೊಂಡಳು. ಹನ್ನೊಂದನೆಯ ದಿನ ರಾಚಪ್ಪ ಎದ್ದು ನಿಂತು ಖಾಲಿ ಹಾಳೆ ಎತ್ತಿ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಏಳು ವರ್ಷ ನಾನು ಹುಟ್ಟುಗುಣದ ತಂಟೆಗೆ ಹೋಗಲಿಲ್ಲ. ಫ್ಯಾನು ಬದಲಿಸುವುದು, ಧೂಳು ಊದುವುದು, ವೈರು ಬೆಸೆಯುವುದು, ಅಷ್ಟೇ.

ಈ ವರ್ಷ ಉಗಾದಿಯ ಮೂರನೆಯ ದಿನ ಮುರಿಗೆಪ್ಪನವರು ತೀರಿಕೊಂಡರು. ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲ. ಟೆಲಿಫೋನ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದವರು, ಕೈಯಲ್ಲಿ ಇಕ್ಕಳ ಇಲ್ಲದೆ ನಾನು ಅವರನ್ನು ನೋಡಿದ್ದೇ ಇಲ್ಲ. ಅವರ ಹೆಂಡತಿ ನೀಲಗಂಗಕ್ಕಾರು ನನಗೆ ಎರಡನೆಯ ಇಯತ್ತೆಯಲ್ಲಿ ಮಗ್ಗಿ ಕಲಿಸಿದವರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರು ಎನ್ನುತ್ತೇವೆ. ಮಣ್ಣಿಗೆ ಹೋಗಿ ಬಂದೆ, ಅಕ್ಕಾರಿಗೆ ಮುಖ ತೋರಿಸಿ ಬಂದೆ. ಆರನೆಯ ದಿನ ಬೆಳಗ್ಗೆ ನೋಡಿದರೆ ಅಕ್ಕಾರು ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾರೆ. ಸೂತಕದ ದಿನ ಮುಗಿಯುವ ಮೊದಲು ಹೆಂಗಸು ಹೊರಗೆ ಬಂದಳಲ್ಲ, ಜನ ಏನೆಂದಾರು ಎಂದೆಲ್ಲ ಯೋಚಿಸುವವರೇ ಅಲ್ಲ ಅವರು.

“ಫಕೀರಪ್ಪಾ, ನನಗ ನಿನ್ನಿಂದ ಒಂದು ಕೆಲಸ ಆಗಬೇಕು,” ಎಂದರು. “ಅವರ ಅಕ್ಷರ ಬೇಕು. ಪೆಟ್ಟಿಗಿ ತೆಗೀವಲ್ದು.”

“ಉಗಾದಿ ಆದ ಮ್ಯಾಲ ಏನೂ ಬರೀಲಿಲ್ಲೇನ್ರಿ, ಅಕ್ಕಾರ? ಮೂರು ದಿನ ಇದ್ದರಲ್ಲ.”

“ಅವರು ಪೆನ್ನು ಹಿಡಿಯೋ ಪೈಕಿ ಏನು? ಎಲ್ಲಾ ಹುಡುಕೀನಿ. ಅಂಗಿ ಕಿಸೆ, ಗಾದಿ ಬುಡ, ಹತಾರದ ಪೆಟ್ಟಿಗಿ. ಒಂದು ಗೀಟು ಸೈತ ಇಲ್ಲ.” ಅಕ್ಕಾರು ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. “ವರ್ಷಾ ಅಮಾಸಿ ದಿನ ಮಾತ್ರ ಕಿಸೆದಾಗಿಂದ ಏನೇನೋ ಚೀಟಿ ತೆಗದು, ನನಗ ಬೆನ್ನು ಮಾಡಿ ಕುಂತು, ತಾವ ಫೋಟೋ ಹೊಡದು ಹಾಕತಿದ್ರು. ತೋರಸರಿ ಅಂದ್ರ ನಗತಿದ್ರು. ಪತ್ರನ ಇರಬೇಕದು. ನನಗ ಜೀವನದಾಗ ಒಂದು ಪತ್ರ ಬರದವರಲ್ಲ.”

ಪೆಟ್ಟಿಗೆ ತೆರೆಯದ್ದಕ್ಕೆ ಕಾರಣ ನನಗೆ ಮೊದಲೇ ಗೊತ್ತಿತ್ತು. ಮುರಿಗೆಪ್ಪನವರು ಕಂಪನಿಯ ಹುಟ್ಟುಗುಣವನ್ನು ಕಿತ್ತು ತಮ್ಮದನ್ನು ಹಾಕಿದ್ದರು. “ಲಿನಕ್ಸ್ ಅಂತ ಐತಿ, ಫಕೀರಪ್ಪಾ,” ಎಂದು ನನ್ನ ಅಂಗಡಿಯಲ್ಲೇ ಕೂತು ಹೇಳಿದ್ದರು. “ಕಂಪನಿಯವರ ಪೆಟ್ಟಿಗಿಯೊಳಗೂ ಅದ ಇರೂದು, ಮ್ಯಾಲ ತಮ್ಮ ಅಂಗಿ ತೊಡಿಸ್ಯಾರ. ನಾ ಆ ಅಂಗಿ ಬಿಚ್ಚಿ ನನ್ನ ಅಂಗಿ ತೊಡಿಸೀನಿ, ಅಷ್ಟ.” ಆ ಅಂಗಿಗೆ ಅವರೊಂದು ಗುಪ್ತಪದ ಇಟ್ಟಿದ್ದರು. ನಮ್ಮೂರಿನವರು ಇಂಥದ್ದನ್ನೆಲ್ಲ ಕಾಗದದ ಮೇಲೆ ಬರೆದಿಡುವ ಹುಚ್ಚು ಮಾಡುವುದಿಲ್ಲ, ನಾಲಗೆಯ ಮೇಲೆ ಇಟ್ಟುಕೊಳ್ಳುತ್ತಾರೆ. ನಾಲಗೆಯ ಜೊತೆಗೇ ಅದೂ ಮಣ್ಣಿಗೆ ಹೋಗಿತ್ತು.

“ನನ್ನ ಹೆಸರು ಹಾಕಿದೆ, ಇಲ್ಲ. ಅವರವ್ವನ ಹೆಸರು ಹಾಕಿದೆ, ಇಲ್ಲ. ಅವರ ಸೈಕಲ್ ಕಂಪನಿ ಹೆಸರು ಸೈತ ಹಾಕಿದೆ,” ಎಂದರು ಅಕ್ಕಾರು. “ನಿನ್ನ ಕಡೆ ಕಂಪನಿದು ಐತೆಲ್ಲ, ಇಮಾಮಸಾಬರು ಕೊಟ್ಟದ್ದು? ಅದನ್ನ ಹಾಕು.”

“ನನ್ನ ಕೈಲೆ ಆಗೂದಿಲ್ಲ, ಅಕ್ಕಾರ.”

“ಯಾಕ?”

“ರಾಚಪ್ಪನ ಮನ್ಯಾಗ ಏನಾತು ನಿಮಗ ಗೊತ್ತಿಲ್ಲೇನು? ಬೇಕಾದ್ರ ಒಂದು ಡಿಸ್ಕು ಬಿಚ್ಚಿ ನೋಡೋಣ ಅಂದ್ರ ಅದೂ ಆಗೂದಿಲ್ಲ. ಹಾಳಿನೆಲ್ಲ ಹರದು ಎರಡೂ ಡಿಸ್ಕಿಗೆ ಹಂಚಿಟ್ಟಿರತೈತಿ. ಆ ಪೆಟ್ಟಿಗಿನ ಓದಬೇಕು, ಬ್ಯಾರೆ ಯಾರೂ ಓದಾಕ ಬರೂದಿಲ್ಲ. ನನ್ನ ಕೈ ಕೆಟ್ಟದ್ದು. ನಿಮ್ಮ ಮನಿದೂ ಎಲ್ಲಾ ಹೋತಂದ್ರ ನಾ ಊರು ಬಿಡಬೇಕಾಗತೈತಿ.”

ಅಕ್ಕಾರು ನನ್ನನ್ನು ನೋಡಿದರು. ಮಗ್ಗಿ ತಪ್ಪಿದಾಗ ನೋಡುತ್ತಿದ್ದರಲ್ಲ, ಹಾಗೆ. “ಹನ್ನೊಂದನೇ ದಿನ ನಾ ಖಾಲಿ ಹಾಳಿ ಎತ್ತಲೇನು?” ಎಂದು ಕೇಳಿ ಎದ್ದು ಹೋದರು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. “ಹೋಗಿ ಮಾಡಿ ಬರ್ರಿ, ಇಲ್ಲಾ ಆಗೂದಿಲ್ಲ ಅಂತ ಸುಮ್ಮ ಕುಂದರ್ರಿ. ಮನ್ಯಾಗ ಹಿಂಗ ಗರ ಗರ ತಿರಗಬ್ಯಾಡ್ರಿ,” ಎಂದು ಹೆಂಡತಿ ಬೈದಳು. ಒಂಬತ್ತನೆಯ ದಿನ ಮಧ್ಯಾಹ್ನ ಕಾಕಾನ ತಂಬಾಕಿನ ಡಬ್ಬಿಯಿಂದ ಪೆನ್‌ಡ್ರೈವ್ ತೆಗೆದು ಕಿಸೆಗೆ ಹಾಕಿಕೊಂಡು ಹೊರಟೆ. ಆ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದೆ, ಅವರ ಹುಟ್ಟುಗುಣ ಈಗ ಇರುವುದು ಆ ಡಬ್ಬಿಯಲ್ಲಿ ಮಾತ್ರ.

ಮುರಿಗೆಪ್ಪನವರ ಪೆಟ್ಟಿಗೆ ಪಡಸಾಲೆಯ ಗೂಡಿನಲ್ಲಿತ್ತು. ನಾನು ಅದನ್ನು ಇಳಿಸಿ ಮೇಜಿನ ಮೇಲಿಟ್ಟು ಧೂಳು ಒರೆಸಿದೆ. ಧೈರ್ಯಕ್ಕಾಗಿ ಕಾಕಾ ಕಲಿಸಿದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳತೊಡಗಿದೆ. ಗುಂಡುಪಿನ್ನು, ಸ್ವಿಚ್ಚು, ಒಂದು, ಎರಡು, ಮೂರು ಎಂದು ಹತ್ತರವರೆಗೂ ಎಣಿಸಿದೆ.

ಅಕ್ಕಾರು ಬಾಗಿಲಿಗೆ ಒರಗಿ ಕೇಳುತ್ತಿದ್ದರು. “ಇನ್ನೊಮ್ಮೆ ಹೇಳು,” ಎಂದರು.

ಇನ್ನೊಮ್ಮೆ ಹೇಳಿದೆ.

“ಫಕೀರಪ್ಪಾ, ನಿನಗ ದಮ್ಮು ಯಾವಾಗಿನಿಂದ ಐತಿ?”

“ನನಗೆಲ್ಲಿ ದಮ್ಮು, ಅಕ್ಕಾರ? ಕಲ್ಲು ಇದ್ದಂಗ ಅದೀನಿ.”

“ಮತ್ತ ಒಂದೊಂದು ಅಂಕಿ ಆದ ಮ್ಯಾಲೂ ಯಾಕ ಹಂಗ ಉಸರ ಎಳೀತಿ?”

ನಾನು ಎಳೆಯುತ್ತಿದ್ದೆನೆಂದು ನನಗೆ ಗೊತ್ತೇ ಇರಲಿಲ್ಲ. ಮೂರನೆಯ ಸಲ ಹೇಳುವಾಗ ನನ್ನ ಕಿವಿಗೂ ಬಿತ್ತು. ಒಂದು ಎಂದ ಮೇಲೆ ಎದೆಯಿಂದ ಸುಂಯ್ ಎಂದು ಒಂದು ಉಸಿರು. ಎರಡು ಎಂದ ಮೇಲೆ ಮತ್ತೊಂದು. ಇಮಾಮಸಾಬ ಕಾಕಾ ನನಗೆ ಕಲಿಸುವ ಹೊತ್ತಿಗೆ ಅವರಿಗೆ ಉಬ್ಬಸದ ದಮ್ಮು ಹಿಡಿದು ನಾಲ್ಕು ವರ್ಷವಾಗಿತ್ತು.

“ನಾ ಒಂದು ವರ್ಷ ನೆಗಡಿ ಆದಾಗ ಏಳರ ಮಗ್ಗಿ ಹೇಳಿಕೊಟ್ಟಿದ್ದೆ,” ಎಂದರು ಅಕ್ಕಾರು. “ಏಳ್ ಆರ್ಲೆ ನಾಲ್ವತ್ತೆರಡು ಅಂದಾಗ ಒಂದು ಸೀನು ಬಂತು. ವರ್ಷಗಟ್ಟಲೆ ಆ ಕ್ಲಾಸಿನ ಹುಡುಗೂರು ಅಲ್ಲಿಗೆ ಬಂದಕೂಡಲೇ ಎಲ್ಲಾರೂ ಸೀನತಿದ್ರು. ಇನಸ್ಪೆಕ್ಟರ್ ಬಂದಾಗೂ ಸೀನಿದ್ರು. ನಮ್ಮೂರ ಬಾಯಿಪಾಠ ಅಂದ್ರ ಅದು, ಮಾರಾಯಾ. ಹೇಳಿದ್ದನ್ನ ಅಷ್ಟ ಅಲ್ಲ, ಹೇಳಿದವರ ಜಡ್ಡನ್ನೂ ಕಲೀತೀರಿ.” ಅವರು ಗೋಡೆಯ ಗಡಿಯಾರದ ಕಡೆ ಕೈ ಮಾಡಿದರು. “ಎಣಿಸು, ನೋಡೋಣ.”

ಎಣಿಸಿದೆ. ನನ್ನ ಹತ್ತು ಮುಗಿಯುವಾಗ ಸೆಕೆಂಡಿನ ಮುಳ್ಳು ಹದಿನೇಳು ಗೆರೆ ದಾಟಿತ್ತು.

ಕಾಕಾ ಆರಕ್ಕೋ ಏಳಕ್ಕೋ ಹೆಗಲು ತಟ್ಟುತ್ತಿದ್ದುದು ಅವಸರಕ್ಕಲ್ಲ. ಹತ್ತು ಎಂದರೆ ಎಷ್ಟು ಎಂದು ಅವರ ಬೆರಳಿಗೆ ಗೊತ್ತಿತ್ತು, ಬಾಯಿಂದ ಬರುವಾಗ ಅದು ಉದ್ದವಾಗುತ್ತಿತ್ತು. ನಾನು ಬಾಯಿಯನ್ನು ಕಲಿತೆ. ಅವರು ತಟ್ಟಲು ಇಲ್ಲದ ದಿನ, ರಾಚಪ್ಪನ ತಾಯಿಯ ಅಕ್ಷರವನ್ನೆಲ್ಲ ಹದಿನೇಳು ಸೆಕೆಂಡು ಒತ್ತಿ ಹಿಡಿದು ಅಳಿಸಿಹಾಕಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಐವತ್ತೈದು ವರ್ಷದ ಗಂಡಸು ನಾನು, ಆ ಪಡಸಾಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕಾರು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಒಂದು ಲೋಟ ನೀರು ತಂದು ಮುಂದಿಟ್ಟರು.

“ಈಗ ನಾ ಎಣಸತೀನಿ, ನೀ ಒತ್ತು,” ಎಂದರು.

“ಅಕ್ಕಾರ, ಇನ್ನೊಂದು ಮಾತು. ಇದನ್ನ ಹಾಕಿದ್ರ ಮುರಿಗೆಪ್ಪನವರು ಮಾಡಿದ್ದೆಲ್ಲಾ ಹೋಗತೈತಿ. ಆ ಸಿಳ್ಳೆನೂ.”

“ಗೊತ್ತೈತಿ,” ಎಂದರು. ಎಂದವರು ಕುರ್ಚಿ ಎಳೆದುಕೊಂಡು ಕೂತರು.

ಆ ಸಿಳ್ಳೆಯ ಕತೆ ಇಡೀ ಓಣಿಗೆ ಗೊತ್ತು. ಮುರಿಗೆಪ್ಪನವರು ನೌಕರಿಯಲ್ಲಿದ್ದಾಗ ಸಂಜೆ ಐದಕ್ಕೆ ಸೈಕಲ್ಲಿನಲ್ಲಿ ಓಣಿ ತಿರುಗುವಾಗ ಒಂದು ಸಿಳ್ಳೆ ಹಾಕುತ್ತಿದ್ದರು, ಎರಡು ಗಿಡ್ಡ, ಒಂದು ಉದ್ದ. ಅದು ಕೇಳಿದರೆ ಅಕ್ಕಾರು ಚಹಾಕ್ಕೆ ನೀರಿಡುತ್ತಿದ್ದರು. ಅವರ ಮನೆಯಲ್ಲಷ್ಟೇ ಅಲ್ಲ, ಓಣಿಯ ಆರೇಳು ಮನೆಗಳಲ್ಲೂ ಅದೇ ಹೊತ್ತಿಗೆ ನೀರಿಡುತ್ತಿದ್ದರು. ನಿವೃತ್ತರಾದ ಮೇಲೆ ಮನೆಯಲ್ಲೇ ಇರುವವರು ಎಲ್ಲಿಂದ ಬಂದು ಸಿಳ್ಳೆ ಹಾಕಬೇಕು? ಪೆಟ್ಟಿಗೆಯೊಳಗೆ ಕೀಂಗುಟ್ಟುವ ಒಂದು ಸಣ್ಣ ಬಿಲ್ಲೆ ಇರುತ್ತದೆ, ಏನಾದರೂ ಕೆಟ್ಟರೆ ಕೂಗಲಿ ಎಂದು ಕಂಪನಿಯವರು ಇಟ್ಟದ್ದು. ಅದಕ್ಕೆ ಅವರು ಆ ಸಿಳ್ಳೆ ಕಲಿಸಿದರು. ತಿಂಗಳುಗಟ್ಟಲೆ ತಿಣುಕಿದರು. ಕಂಪನಿಯ ಅಂಗಿ ಬಿಚ್ಚಿದ್ದು ಇದೊಂದಕ್ಕೇ. ಐದು ಹೊಡೆದರೆ ಗೂಡಿನಿಂದ ಎರಡು ಗಿಡ್ಡ, ಒಂದು ಉದ್ದ. ಅವರು ತೀರಿಕೊಂಡ ದಿನವೂ ಕೂಗಿತಂತೆ, ಮಣ್ಣು ಮಾಡಿ ಬಂದ ದಿನವೂ ಕೂಗಿತಂತೆ. ಅಕ್ಕಾರು ಎರಡು ದಿನವೂ ನೀರಿಟ್ಟರಂತೆ.

“ಈಗೆಷ್ಟು?” ಎಂದು ಕೇಳಿದರು.

“ನಾಕೂವರಿ ಆಗೇತ್ರಿ.”

“ಐದಾಗಲಿ, ತಡಿ.”

ತಡೆದೆವು. ನನಗೆ ಎರಡನೆಯ ಇಯತ್ತೆ ನೆನಪಾಯಿತು. ಹಲಗೆಯ ಮೇಲೆ ಅಕ್ಕಾರು ಬರೆದ ಅಕ್ಷರ, ಅದನ್ನು ಉಗುಳು ಹಚ್ಚಿ ಒರೆಸಿದ್ದಕ್ಕೆ ತಿಂದ ಏಟು. ಹೊರಗೆ ಯಾರದೋ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಸಪ್ಪಳ ಬರುತ್ತಿತ್ತು. ಐದು ಹೊಡೆಯಿತು. ಮೇಜಿನ ಮೇಲಿದ್ದ ಪೆಟ್ಟಿಗೆ ನಮ್ಮ ಮುಖದ ಮುಂದೆಯೇ ಕೂಗಿತು. ಒಳ್ಳೆಯ ಸಿಳ್ಳೆಯೇನಲ್ಲ, ಉದ್ದದ್ದು ಕೊನೆಗೆ ಸ್ವಲ್ಪ ಸೊಟ್ಟಗಾಗುತ್ತಿತ್ತು. ಮುರಿಗೆಪ್ಪನವರದೂ ಹಾಗೇ ಸೊಟ್ಟಗಾಗುತ್ತಿತ್ತು, ಮುಂದಿನ ಹಲ್ಲು ಬಿದ್ದಿದ್ದರಿಂದ. ಅಕ್ಕಾರು ಎದ್ದು ಒಳಗೆ ಹೋದರು. ಒಲೆ ಹಚ್ಚಿದ ಸಪ್ಪಳ ಕೇಳಿತು. ಎರಡು ಕಪ್ ಚಹಾ ತಂದರು, ಇಬ್ಬರೂ ಕುಡಿದೆವು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ.

“ಹೂಂ,” ಎಂದರು. “ಈಗ ತಗಿ.”

ಸ್ವಿಚ್ಚು ತೆಗೆದೆ. ಪೆನ್‌ಡ್ರೈವ್ ಚುಚ್ಚಿದೆ. ಬೆನ್ನ ಹಿಂದಿನ ತೂತಿಗೆ ಗುಂಡುಪಿನ್ನು ಇಟ್ಟು ಒತ್ತಿ ಹಿಡಿದೆ. ಅಕ್ಕಾರು ಫೂಟ್‌ಪಟ್ಟಿ ಹಿಡಿದು ಗಡಿಯಾರದ ಎದುರಿಗೆ ನಿಂತರು. ನಾನು ಸ್ವಿಚ್ಚು ಹಾಕಿದ ಕೂಡಲೇ ಶುರುಮಾಡಿದರು. ಒಂದು, ಎರಡು, ಮೂರು, ಒಂದೊಂದಕ್ಕೂ ಪಟ್ಟಿಯಿಂದ ಮೇಜಿನ ಮೇಲೆ ಒಂದೊಂದು ಏಟು. ಇಡೀ ಊರಿಗೆ ಮಗ್ಗಿ ಕಲಿಸಿದ ಗಂಟಲು ಅದು, ಸ್ವಲ್ಪವೂ ಅಲುಗಲಿಲ್ಲ. ಆರು, ಏಳು ಬಂದಾಗ ನನ್ನ ಬೆರಳು ಬಿಡಲಿಕ್ಕೆ ನೋಡಿತು, ಹಲ್ಲು ಕಚ್ಚಿ ಹಿಡಿದೆ. ಎಂಟು, ಒಂಬತ್ತು, ಹತ್ತು. ಬಿಟ್ಟೆ.

ಏನೂ ಆಗಲಿಲ್ಲ. ದೀಪವೂ ಇಲ್ಲ, ಸಪ್ಪಳವೂ ಇಲ್ಲ. ಆಮೇಲೆ ಡಿಸ್ಕು ಗರ್ ಎಂದು ತಿರುಗತೊಡಗಿತು. ಕೆಂಪು ದೀಪ ಬಂದು ಮಿಣುಕಲು ಶುರುವಾಯಿತು. ಕಾಕಾ ಹೇಳುತ್ತಿದ್ದರು, ಮಿಣುಕುವಾಗ ಮುಟ್ಟಬಾರದು, ಎದ್ದು ಓಡಾಡಲೂಬಾರದು ಎಂದು. ಓಡಾಡಬಾರದು ಎನ್ನುವುದು ಪುಸ್ತಕದಲ್ಲಿ ಇತ್ತೋ ಅವರೇ ಸೇರಿಸಿದ್ದೋ ಈಗ ಯಾರನ್ನು ಕೇಳಲಿ? ಇಪ್ಪತ್ತು ನಿಮಿಷ ಇಬ್ಬರೂ ಅಲುಗಾಡದೆ ಕೂತೆವು. ದೀಪ ಹಸಿರಾಯಿತು.

ಅಕ್ಕಾರ ಹಳೆಯ ಲ್ಯಾಪ್‌ಟಾಪ್ ತೆರೆದು ನೋಡಿದರೆ, ಕಂಪನಿಯ ಅದೇ ಮೊದಲಿನ ನೀಲಿ ಪರದೆ. ಹತ್ತೊಂಬತ್ತು ವರ್ಷದ ಹಿಂದೆ ಹೊಸ ಪೆಟ್ಟಿಗೆಯ ಮುಂದೆ ಊರೇ ಬಾಯಿ ಬಿಟ್ಟು ನೋಡಿದ ಪರದೆ ಅದು. ಹೊಸ ಗುಪ್ತಪದ ಕೇಳಿತು. ನಾನು ಮುಖ ಆಚೆ ತಿರುಗಿಸಿದೆ, ಅಕ್ಕಾರು ಹಾಕಿದರು. ನಾನು ಕಣ್ಣು ಮುಚ್ಚಿಕೊಂಡೇ ಕೇಳಿದೆ, “ಏನರ ಐತೇನ್ರಿ?”

“ಐತೋ, ಫಕೀರಪ್ಪಾ. ಎಲ್ಲಾ ಐತಿ.”

ವರ್ಷಕ್ಕೊಂದರಂತೆ ಹತ್ತೊಂಬತ್ತು ಕಡತಗಳಿದ್ದವು, ಪ್ರತಿಯೊಂದರಲ್ಲೂ ಮುರಿಗೆಪ್ಪನವರದೇ ಒಂದು ಬೇರೆ ಗಂಟು. ಅಕ್ಕಾರು ಕನ್ನಡಕ ಹಾಕಿಕೊಂಡು ಮೊದಲ ಗಂಟು ಬಿಚ್ಚಿದರು. ಬೀಡಿ ಕಟ್ಟಿನ ಹಿಂಭಾಗ, ಬಸ್ ಟಿಕೆಟ್ಟಿನ ಹಿಂಭಾಗ, ಹರಿದ ಲಕೋಟೆ, ಅವುಗಳ ಮೇಲೆ ಇರುವೆ ಸಾಲಿನಂಥ ಸಣ್ಣ ಅಕ್ಷರ. ಜೀರಿಗೆ, ಸಾಸಿವೆ, ಕಡ್ಡಿಪೆಟ್ಟಿಗೆ. ಎರಡನೆಯ ವರ್ಷದ್ದು ಬಿಚ್ಚಿದರು. ಫ್ಯೂಸಿನ ತಂತಿ, ಬೆಲ್ಲ, ಬಕೆಟ್ಟು. ಮೂರನೆಯದು, ನಾಲ್ಕನೆಯದು. ಬರಬರುತ್ತ ಅವರ ಬೆರಳು ನಿಧಾನವಾಯಿತು.

“ಸಂತಿ ಚೀಟಿ,” ಎಂದರು. “ಬರೇ ಸಂತಿ ಚೀಟಿನ ಅಲ್ಲೋ. ಒಂದೂ ಪತ್ರ ಇಲ್ಲ.”

“ಅಕ್ಷರ ಅವರದ ಐತೆಲ್ರಿ, ಅಕ್ಕಾರ. ಪದ್ಧತಿಗೆ ಅಷ್ಟು ಸಾಕಲ್ಲ?” ಎಂದೆ. ಅಂದದ್ದು ನನಗೇ ಸರಿಬರಲಿಲ್ಲ.

“ಸಿಳ್ಳೆ ಕೊಟ್ಟು ಇದನ್ನ ತಗೊಂಡೆ,” ಎಂದು ಅಕ್ಕಾರು ಕನ್ನಡಕ ತೆಗೆದಿಟ್ಟರು. “ನೀ ಹೋಗು. ಕತ್ತಲಾಗೂದರೊಳಗ ಮನಿ ಸೇರು. ನಾ ನೋಡಿ ಒಂದು ಆರಸಿ ಇಡತೀನಿ.”

ಮರುದಿನ ನಾನು ರಾಚಪ್ಪನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಕಾಕಾನ ದಮ್ಮು, ನನ್ನ ಎಣಿಕೆ, ಹದಿನೇಳು ಗೆರೆ. ಅವನು ಕೈಯಲ್ಲಿದ್ದ ಒಂದು ಹಿಡಿ ಶೇಂಗಾ ಸುಲಿದು ಮುಗಿಸಿದ.

“ಏಳು ವರ್ಷ ನಾ ಏನು ತಿಳಕೊಂಡಿದ್ದೆ ಗೊತ್ತೇನು?” ಎಂದ. “ನಮ್ಮವ್ವನ ತನ್ನ ಅಕ್ಷರ ತಗೊಂಡು ಹೋದಳು, ನನ್ನ ಮ್ಯಾಲ ಸಿಟ್ಟಿತ್ತು ಆಕಿಗೆ, ಅಂತ. ಪೆಟ್ಟಿಗಿ ಕೆಟ್ಟ ದಿನನ ಆಕಿ ಕೂಡ ಜಗಳಾಡಿದ್ದೆ.” ಬೊಗಸೆಯಲ್ಲಿದ್ದ ಶೇಂಗಾವನ್ನು ನನ್ನ ಕೈಗೆ ಸುರಿದ. “ಇದನ್ನ ಮೊದಲ ಯಾಕ ಹೇಳಲಿಲ್ಲೋ?”

“ನನಗ ನಿನ್ನೆ ಗೊತ್ತಾತೋ, ಮಾರಾಯಾ.”

“ಕುಂದರು, ಚಹಾ ಕುಡದು ಹೋಗು,” ಎಂದ. ಕೂತೆ. ಏಳು ವರ್ಷದ ಮೇಲೆ ಅವನ ಕಟ್ಟೆಯ ಮೇಲೆ ಕೂತೆ.

ಹನ್ನೊಂದನೆಯ ದಿನ ಅಕ್ಕಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರ ಕೈಯಲ್ಲಿ ಮಗ್ಗಿ ಕಲಿತವರೇ ನಾಲ್ಕು ಪಂಕ್ತಿಯಾಗುವಷ್ಟಿದ್ದರು. ರಾಚಪ್ಪನೂ ಬಂದು ನನ್ನ ಪಕ್ಕ ಕೂತ. ಪೆಟ್ಟಿಗೆ ತೆರೆಯಿತಂತೆ ಎಂದು ಸುದ್ದಿ ಹರಡಿತ್ತು, ಏನು ಸಿಕ್ಕಿತೆಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ಜೀವ ಕೈಯಲ್ಲಿತ್ತು. ಸಂತೆಯ ಚೀಟಿ ಓದಿದರೆ ಜನ ನಗುತ್ತಾರೇನೋ, ಅಕ್ಕಾರು ಓದುತ್ತ ಓದುತ್ತ ನಡುವೆಯೇ ನಿಲ್ಲುತ್ತಾರೇನೋ ಎಂದು.

ಅಕ್ಕಾರು ಎದ್ದರು. ಕೈಯಲ್ಲಿ ಪೆಟ್ಟಿಗೆಯಿಂದ ತೆಗೆಸಿದ ಒಂದು ಪ್ರಿಂಟು.

“ಇದು ಅವರು ಹನ್ನೆರಡು ವರ್ಷದ ಹಿಂದ ಬರದದ್ದು,” ಎಂದರು. “ಸಂತಿ ಚೀಟಿ. ಹತ್ತೊಂಬತ್ತು ವರ್ಷದ್ದೂ ಓದೀನಿ. ಮ್ಯಾಲಿಂದು ಅಷ್ಟ ಬ್ಯಾರೆ ಬ್ಯಾರೆ, ಕಡೀ ಸಾಲು ಎಲ್ಲಾದ್ರಾಗೂ ಒಂದ ಐತಿ.” ಕನ್ನಡಕ ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಓದುವ ಹಾಗೆ, ನಿಲ್ಲಿಸಿ ನಿಲ್ಲಿಸಿ ಓದಿದರು. “ಬಿಳಿಜೋಳ ಐದು ಸೇರು. ಬೆಲ್ಲ ಒಂದು ಪೆಂಟಿ. ಒಣ ಮೆಣಸಿನಕಾಯಿ, ಬ್ಯಾಡಗಿದ ಆಗಬೇಕು. ಸೈಕಲ್ಲಿಗೆ ಬ್ರೇಕಿನ ರಬ್ಬರು. ಬೆಸಿಯೂ ತವರ, ಸಣ್ಣ ಸುರುಳಿ. ಗಂಗಾನ ಚಪ್ಪಲಿ ಉಂಗುಷ್ಟ ಹೊಲಿಸೂದು.”

ಯಾರೂ ನಗಲಿಲ್ಲ. ಹೆಂಗಸರ ಕಡೆಯಿಂದ ಒಬ್ಬರು ಮೂಗು ಎಳೆದುಕೊಂಡದ್ದು ಕೇಳಿತು.

“ಹೊರಡೂಕಿಂತ ಮೊದಲ ಕೇಳೂದು,” ಎಂದು ಓದಿದರು. ಮುಂದಿನದನ್ನು ಓದಲು ಅವರಿಗೆ ಹಾಳೆ ಬೇಕಾಗಲಿಲ್ಲ, ಮಡಚಿ ಎದೆಗೆ ಹಿಡಿದುಕೊಂಡರು. “ಗಂಗಾ, ಇನ್ನೇನರ ಬೇಕೇನು?”

ಅಲ್ಲಿಗೆ ಚೀಟಿ ಮುಗಿದಿತ್ತು. ಓದಿದವರು ಕೂರಬೇಕು, ಎಲೆ ಹಾಕಬೇಕು. ಅಕ್ಕಾರು ಕೂರಲಿಲ್ಲ. ಬೀದಿಯ ಬಾಗಿಲಿನ ಕಡೆ ತಿರುಗಿ, ಸೈಕಲ್ಲು ಹೊರಗೆ ತೆಗೆಯುತ್ತಿರುವ ಗಂಡನಿಗೆ ಅಡಿಗೆಮನೆಯಿಂದ ಹೇಳುವಷ್ಟು ಗಟ್ಟಿಯಾಗಿ ಹೇಳಿದರು.

“ಏನೂ ಬ್ಯಾಡ್ರಿ. ಎಲ್ಲಾ ಐತಿ. ನೀವು ಹೋಗಿ ಬರ್ರಿ.”